15 ವರ್ಷದಿಂದ ಮನೆಯಲ್ಲಿರುವ ‘ಮ್ಯಾಶ್’: ನಗುವಿನ ಸದ್ದು ಆಫ್ ಮಾಡಿ ನೋಡಿ

ನಮ್ಮನೆ ಟಿವಿ ಕೆಳಗಿನ ಕಪಾಟಿನಲ್ಲಿ ಒಂದು ಡಿವಿಡಿ ಪೆಟ್ಟಿಗೆ ಇದೆ. ಅಮೆರಿಕದಲ್ಲಿರುವ ನಾದಿನಿ 2010ರಲ್ಲಿ ಊರಿಗೆ ಬಂದಾಗ ತಂದುಕೊಟ್ಟಿದ್ದು. ಯುದ್ಧಕಾಲದ ಆಸ್ಪತ್ರೆಯೊಂದರ ಕಥೆ ಹೇಳುವ ‘ಮ್ಯಾಶ್’ ಅನ್ನುವ ಅಮೆರಿಕದ ಕಾಮಿಡಿ ಸೀರಿಯಲ್ಲಿನ 11 ಸೀಸನ್ನೂ ಅದರಲ್ಲಿವೆ. “ನೀನು ಥಿಯೇಟರ್ ಸಿಸ್ಟರ್ ಅಲ್ವಾ, ಇದು ನಿಂಗೆ ಹಿಡಿಸುತ್ತೆ” ಅಂದಳು. ನಾನು ಮನಸ್ಸಿನಲ್ಲೇ ಬೈದುಕೊಂಡೆ. ದಿನವಿಡೀ ಆಪರೇಷನ್ ಥಿಯೇಟರಿನಲ್ಲಿ ನಿಂತು ಬಂದವಳಿಗೆ ಮನೆಯಲ್ಲೂ ಅದನ್ನೇ ತೋರಿಸುವುದು ಅಂದರೆ, ಮದುವೆ ಮನೆ ಅಡುಗೆ ಮುಗಿಸಿ ಬಂದ ಭಟ್ಟರ ಕೈಗೆ ಮತ್ತೆ ಸೌಟು ಕೊಟ್ಟ ಹಾಗೆ.

ಈಗ ಅದೇ ಪೆಟ್ಟಿಗೆಯನ್ನು ಪೂರ್ತಿ ನಾಲ್ಕು ಸಲ ನೋಡಿ ಮುಗಿಸಿದ್ದೇನೆ. ಬಿಡಿ ಕಂತುಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಇಷ್ಟು ವರ್ಷ ಬಳಸಿದ ಮಿಕ್ಸಿಗೇ ಜನ ರಿವ್ಯೂ ಬರೆಯುತ್ತಾರೆ, ಇದಕ್ಕೂ ಒಂದು ಬರೆಯೋಣ ಅನ್ನಿಸಿತು.

ಮೊದಲು ತೊಂದರೆಯ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದಿಂದ ತಂದ ಡಿಸ್ಕ್ ನಮ್ಮ ಪ್ಲೇಯರಿನಲ್ಲಿ ಓಡಲಿಲ್ಲ. ಅಲ್ಲಿಯ ಡಿಸ್ಕ್ ರೀಜನ್ 1, ನಮ್ಮ ಕಡೆಯ ಪ್ಲೇಯರ್ ರೀಜನ್ 5. ಡಿಸ್ಕ್ ಒಳಗೆ ಹೋಗುತ್ತದೆ, ಗುರ್ ಅನ್ನುತ್ತದೆ, ವಾಪಸ್ ಬರುತ್ತದೆ. ಕೊನೆಗೆ ಮಗ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಟ್ಟ, ಅದರಲ್ಲಿ ಓಡಿತು. ಡಿಸ್ಕ್ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಹಲ್ಲುಗಳು ಎರಡನೇ ವರ್ಷಕ್ಕೇ ಮುರಿದವು. ಈಗ ಅರ್ಧ ಡಿಸ್ಕುಗಳು ಹಳೇ ಎಕ್ಸ್‌ರೇ ಕವರಿನಲ್ಲಿವೆ. ಒಂದೆರಡಕ್ಕೆ ಗೀರು ಬಿದ್ದಿದೆ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ ಇರುವುದು ದೊಡ್ಡ ಉಪಕಾರ, ಯಾಕಂದರೆ ಇವರು ಮಾತಾಡುವ ವೇಗಕ್ಕೆ ನನ್ನ ಕಿವಿ ಹೊಂದಿಕೊಳ್ಳಲು ಒಂದು ಸೀಸನ್ ಪೂರ್ತಿ ಬೇಕಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಶ್ ಅಂದರೆ ಮೊಬೈಲ್ ಆರ್ಮಿ ಸರ್ಜಿಕಲ್ ಹಾಸ್ಪಿಟಲ್, ಯುದ್ಧದ ಸಾಲಿಗೆ ಹತ್ತಿರ ಡೇರೆ ಹಾಕಿಕೊಂಡು, ಬೇಕಾದಾಗ ಕಿತ್ತುಕೊಂಡು ಹೊರಡುವ ಆಸ್ಪತ್ರೆ. ಕಥೆ ನಡೆಯುವುದು ಕೊರಿಯಾ ಯುದ್ಧದಲ್ಲಿ. ಆ ಯುದ್ಧ 1950ರ ಜೂನ್‌ನಿಂದ 1953ರ ಜುಲೈವರೆಗೆ, ಮೂರು ವರ್ಷ ಚಿಲ್ಲರೆ ನಡೆಯಿತು. ಸೀರಿಯಲ್ಲು ಮಾತ್ರ ಸಿಬಿಎಸ್ ಚಾನೆಲ್ಲಿನಲ್ಲಿ 1972ರಿಂದ 1983ರವರೆಗೆ 11 ವರ್ಷ ನಡೆಯಿತು! ಅದು ಶುರುವಾದ ಹೊತ್ತಿಗೆ ಅಮೆರಿಕದ ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲ. ಕೊರಿಯಾ ಹೆಸರು ಹೇಳಿ ವಿಯೆಟ್ನಾಂ ಮಾತಾಡುತ್ತಿದ್ದಾರೆ ಅಂತ ಆಗಿನ ಜನಕ್ಕೆ ಗೊತ್ತಾಗದೇ ಇರುತ್ತಾ?

ಕೊರಿಯಾದಲ್ಲೇ ಇಂಥ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಸರ್ಜನ್, ರಿಚರ್ಡ್ ಹೂಕರ್ ಅನ್ನುವ ಹೆಸರಿಟ್ಟುಕೊಂಡು 1968ರಲ್ಲಿ ಕಾದಂಬರಿ ಬರೆದರು. 1970ರಲ್ಲಿ ಅದು ಸಿನಿಮಾ ಆಯಿತು. ಆಮೇಲೆ ಲ್ಯಾರಿ ಗೆಲ್ಬಾರ್ಟ್ ಮತ್ತು ಜೀನ್ ರೆನಾಲ್ಡ್ಸ್ ಸೇರಿ ಟಿವಿಗೆ ತಂದರು. ಹಾಕ್‌ಐ ಪಿಯರ್ಸ್ ಅನ್ನುವ ಸರ್ಜನ್ ಪಾತ್ರ ಅಲನ್ ಆಲ್ಡಾದು. ಹಾಕ್‌ಐ ಬಾಯಿಗೆ ಬೀಗವಿಲ್ಲ. ಡೇರೆಯಲ್ಲೇ ಸಾರಾಯಿ ಭಟ್ಟಿ ಇಟ್ಟುಕೊಂಡಿದ್ದಾನೆ. ಸೈನ್ಯ ಅಂದರೆ ಮೈ ಉರಿ. ಆದರೆ ಹೆಲಿಕಾಪ್ಟರ್ ಸದ್ದು ಕೇಳಿದರೆ ಎಲ್ಲ ಬಿಟ್ಟು ಓಡುತ್ತಾನೆ. ಶುರುವಿನ ಹಾಡಿನಲ್ಲಿ ಕಾಣುವ ಆ ಗಾಜಿನ ಗುಳ್ಳೆಯಂಥ ಹೆಲಿಕಾಪ್ಟರಿನ ಎರಡೂ ಪಕ್ಕದಲ್ಲಿ, ಹೊರಗಡೆ, ಸ್ಟ್ರೆಚರ್ ಕಟ್ಟಿರುತ್ತಾರೆ. ಗಾಯಾಳುಗಳನ್ನು ನಿಜಕ್ಕೂ ಹಾಗೇ ತರುತ್ತಿದ್ದರು.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಮೊದಲ ಕಂತನ್ನು ನಾನು 10 ನಿಮಿಷಕ್ಕೆ ನಿಲ್ಲಿಸಿದ್ದೆ. ಕಾರಣ, ನಗು. ಪ್ರತಿ ಮಾತಿಗೂ ಹಿಂದಿನಿಂದ ಯಾರೋ ನೂರು ಜನ ಹೋ ಅಂತ ನಗುತ್ತಾರೆ. ಅಲ್ಲಿ ಜನರೇ ಇಲ್ಲ, ರೆಕಾರ್ಡ್ ಮಾಡಿಟ್ಟ ನಗು ಅದು. ಹೊರಗೆ ಗಾಯಾಳುಗಳ ಬಸ್ಸು ನಿಂತಿದೆ, ಒಳಗೆ ನಗು. ನನಗೆ ಸಿಟ್ಟೇ ಬಂತು. ಪೆಟ್ಟಿಗೆ ಕಪಾಟು ಸೇರಿತು.

ಎರಡು ವಾರ ಆದ ಮೇಲೆ ಮಗ ಮೆನು ಕೆದಕುತ್ತಾ, “ಅಮ್ಮಾ, ಇದ್ರಲ್ಲಿ ನಗು ತೆಗೆದು ಹಾಕೋ ಆಪ್ಷನ್ ಇದೆ” ಅಂದ. ಡಿವಿಡಿಯಲ್ಲಿ ನಗು ಇಲ್ಲದ ಆಡಿಯೋ ಬೇರೆಯೇ ಇದೆ. ಹಾಕಿಕೊಂಡು ನೋಡಿದೆ. ಅದೇ ಕಂತು, ಅದೇ ಮಾತು. ಆದರೆ ಈಗ ನಗೆಮಾತಿನ ಹಿಂದೆ ಒಂದು ಸಣ್ಣ ಮೌನ ಕೂತಿದೆ. ಹಾಕ್‌ಐ ಜೋಕ್ ಹೊಡೆಯುತ್ತಾನೆ, ಯಾರೂ ನಗುವುದಿಲ್ಲ, ರಕ್ತನಾಳ ಹಿಡಿಯುವ ಇಕ್ಕಳ, ಆರ್ಟರಿ ಫೋರ್ಸೆಪ್ಸ್ ಕೇಳುತ್ತಾನೆ, ಕೆಲಸ ಮುಂದುವರಿಯುತ್ತದೆ. ಅಯ್ಯೋ, ಇದು ನಮ್ಮ ಥಿಯೇಟರ್ ಅಲ್ವಾ ಅನ್ನಿಸಿತು.

ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಅವರಿಗೂ ಈ ನಗು ಬೇಡವಾಗಿತ್ತಂತೆ. ಚಾನೆಲ್ಲಿನವರು ಬಿಡಲಿಲ್ಲ, ಕಾಮಿಡಿ ಅಂದ ಮೇಲೆ ನಗು ಬೇಕೇ ಬೇಕು ಅಂದರು. ಹಗ್ಗಜಗ್ಗಾಟ ಆಗಿ ಕೊನೆಗೆ ಒಂದು ಒಪ್ಪಂದವಾಯಿತು: ಆಪರೇಷನ್ ನಡೆಯುವ ದೃಶ್ಯದಲ್ಲಿ ನಗು ಹಾಕುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಬಿಬಿಸಿಯವರು ನಗು ಇಲ್ಲದೆಯೇ ತೋರಿಸಿದರು. ಹಾಗಾಗಿ ಒಂದೇ ಸೀರಿಯಲ್ಲನ್ನು ಎರಡು ದೇಶದ ಜನ ಎರಡು ಥರ ನೋಡಿದ್ದಾರೆ. ನಾನು ಬಿಬಿಸಿ ಪಾರ್ಟಿ.

ಥಿಯೇಟರಿನಲ್ಲಿ ಜೋಕ್ ಯಾಕೆ ಹೊಡೆಯುತ್ತಾರೆ ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗ ನಾನಿದ್ದ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಆಕ್ಸಿಡೆಂಟ್ ಕೇಸೊಂದು ಟೇಬಲ್ ಮೇಲೇ ಹೋಯಿತು. ಇಪ್ಪತ್ತೆರಡು ವರ್ಷದ ಹುಡುಗ. ಪಕ್ಕದ ಟೇಬಲ್ಲಿಗೆ ಅಪೆಂಡಿಕ್ಸ್ ಕೇಸ್ ಆಗಲೇ ಬಂದಿತ್ತು. ಗ್ಲೌಸ್ ಬದಲಾಯಿಸಿ ಆ ಕಡೆ ತಿರುಗಿದ್ದೇ, ಸರ್ಜನ್ ಅರಿವಳಿಕೆ ಡಾಕ್ಟರ್ ಹತ್ತಿರ ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆ ಏನೋ ತಮಾಷೆ ಶುರು ಮಾಡಿದರು. ನನಗೆ ಅವರ ಮುಖಕ್ಕೆ ಟ್ರೇ ಎಸೆಯುವಷ್ಟು ಕೋಪ. ಮಾಪ್, ಅಂದರೆ ರಕ್ತ ಒರೆಸುವ ಬಟ್ಟೆಗಳನ್ನು ಎಣಿಸುತ್ತಿದ್ದೆ, ಲೆಕ್ಕ ತಪ್ಪಿತು, ಮತ್ತೆ ಎಣಿಸಿದೆ. ಮಾಸ್ಕ್ ಮೇಲೆ ಅವರ ಕಣ್ಣು ಕಾಣುತ್ತಿತ್ತು. ಕಣ್ಣಲ್ಲಿ ತಮಾಷೆ ಏನೂ ಇರಲಿಲ್ಲ. ಅದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಈ ಸೀರಿಯಲ್ಲಿನ ಮುಂದೆ ಕೂತಾಗ. ಕೈ ನಡುಗಬಾರದು ಅಂದರೆ ಬಾಯಿ ಏನಾದರೂ ಮಾಡುತ್ತಿರಬೇಕು.

ಮ್ಯಾಶ್ ನಟರೂ ಅರ್ಧ ಸೀರಿಯಲ್ಲನ್ನು ಮಾಸ್ಕ್ ಹಾಕಿಕೊಂಡೇ ಮಾಡಿದ್ದಾರೆ. ಬರೀ ಹಣೆ, ಹುಬ್ಬು, ಕಣ್ಣು. ಒಳಗೆ ಏನು ಹೊಲಿಯುತ್ತಿದ್ದಾರೆ ಅಂತ ಕ್ಯಾಮೆರಾ ತೋರಿಸುವುದೇ ಇಲ್ಲ, ರಕ್ತವೂ ತುಂಬಾ ಕಡಿಮೆ. ಆದರೂ ಅಲ್ಲಿಯ ದಣಿವು ನಿಜವಾದ ದಣಿವಿನ ಹಾಗೇ ಕಾಣುತ್ತದೆ. ಬೆನ್ನು ಬಗ್ಗಿಸಿ ನಿಂತವರು ನೆಟ್ಟಗಾಗುವಾಗ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾರಲ್ಲ, ಅದನ್ನು ಯಾರೋ ಗಮನಿಸಿ ಹೇಳಿಕೊಟ್ಟಿರಬೇಕು.

ಮೂರನೇ ಸೀಸನ್ನಿನ ಕೊನೆಯ ಕಂತಿನ ಬಗ್ಗೆ ಬರೆಯಲೇಬೇಕು. 1975ರ ಮಾರ್ಚಿನಲ್ಲಿ ಬಂದಿದ್ದು, ಹೆಸರು ‘ಅಬಿಸೀನಿಯಾ, ಹೆನ್ರಿ’. ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಸೈನ್ಯದಿಂದ ಬಿಡುಗಡೆ ಸಿಗುತ್ತದೆ. ಒಳ್ಳೆಯ, ಸ್ವಲ್ಪ ಪೆದ್ದು ಮನುಷ್ಯ. ಎಲ್ಲರಿಗೂ ಬೇಕಾದವನು. ಕುಣಿದು, ಕುಡಿದು, ಅತ್ತು, ಕಳಿಸಿಕೊಡುತ್ತಾರೆ. ಕಂತು ಮುಗಿಯಿತು ಅಂದುಕೊಳ್ಳುವಾಗ ಥಿಯೇಟರಿಗೆ ರಾಡಾರ್ ಅನ್ನುವ ಗುಮಾಸ್ತ ಹುಡುಗ ಬರುತ್ತಾನೆ. ಮಾಸ್ಕ್ ಇಲ್ಲ. ಮಾಸ್ಕ್ ಹಾಕ್ಕೋ ಅಂತ ಗದರಿಸುತ್ತಾರೆ. ಅವನು ಕೈಲಿದ್ದ ಕಾಗದ ಓದುತ್ತಾನೆ: ಹೆನ್ರಿ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಯಾರೂ ಕೆಲಸ ನಿಲ್ಲಿಸುವುದಿಲ್ಲ. ನಿಲ್ಲಿಸುವ ಹಾಗೂ ಇಲ್ಲ, ಹೊಟ್ಟೆ ತೆರೆದುಕೊಂಡು ಜನ ಮಲಗಿದ್ದಾರೆ. ಆ ಮೌನದಲ್ಲಿ ಎಲ್ಲೋ ಒಂದು ಉಪಕರಣ ಠಣ್ ಅಂತ ನೆಲಕ್ಕೆ ಬೀಳುತ್ತದೆ.

ಆ ಕೊನೆಯ ಪುಟವನ್ನು ನಟರಿಗೆ ಮೊದಲೇ ಕೊಟ್ಟಿರಲಿಲ್ಲ, ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಕೊಟ್ಟರು. ಉಪಕರಣ ಬಿದ್ದದ್ದು ಸ್ಕ್ರಿಪ್ಟಿನಲ್ಲೇ ಇರಲಿಲ್ಲ. ಟೇಕಿನ ನಡುವೆ ಅಕಸ್ಮಾತ್ ಬಿತ್ತು, ಹಾಗೇ ಉಳಿಸಿಕೊಂಡರು. ಇದನ್ನು ಓದುವ ಎಷ್ಟೋ ಮುಂಚೆಯೇ ಆ ಸದ್ದಿಗೆ ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ಥಿಯೇಟರಿನಲ್ಲಿ ಏನಾದರೂ ಬಿದ್ದರೆ ಮೊದಲು ನೋಡುವವಳು ಸಿಸ್ಟರ್. ಬಿದ್ದದ್ದು ಏನು, ಲೆಕ್ಕಕ್ಕೆ ಬರುವುದಾ, ಬೇರೆ ಸ್ಟೆರೈಲ್ ಇದೆಯಾ. ಸೋಫಾ ಮೇಲೆ ಕೂತು ಕೈ ಚಾಚಿದ್ದೆ. ಗಂಡ ಪಕ್ಕದಲ್ಲಿ ಕೂತು ನಕ್ಕರು, ಆಮೇಲೆ ಸುಮ್ಮನಾದರು.

ಎಂಟನೇ ಸೀಸನ್ನಿನ ‘ಲೈಫ್ ಟೈಮ್’ ಇನ್ನೊಂದು. ಒಬ್ಬ ಸೈನಿಕನ ಮಹಾಪಧಮನಿಗೆ, ಅಂದರೆ ಅಯೋರ್ಟಾಗೆ ಏಟಾಗಿದೆ. ಸುಮಾರು 20 ನಿಮಿಷದೊಳಗೆ ಸರಿ ಮಾಡದಿದ್ದರೆ ಬದುಕಿದರೂ ಕಾಲಿನ ಸ್ವಾಧೀನ ಹೋಗಬಹುದು. ಪರದೆಯ ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತಿರುತ್ತದೆ, ಕಂತಿನ ಉದ್ದವೇ ಅವನಿಗಿರುವ ಸಮಯ. ಹರಿದ ಕಡೆ ತೇಪೆ ಹಾಕಲು ರಕ್ತನಾಳ ಬೇಕು. ಅದು ಸಿಗುವುದು ಪಕ್ಕದಲ್ಲಿ ಸಾಯುತ್ತಿರುವ ಇನ್ನೊಬ್ಬ ಹುಡುಗನಿಂದ. ಅವನ ಗೆಳೆಯ ಕಾವಲು ಕೂತಿದ್ದಾನೆ. ಡಾಕ್ಟರ್ ಬಿ.ಜೆ. ಕಾಯುತ್ತಾ ನಿಂತಿದ್ದಾನೆ. ಏನು ಕಾಯುತ್ತಿದ್ದಾನೆ ಅಂತ ಆ ಗೆಳೆಯನಿಗೂ ಗೊತ್ತು. ಎರಡನೇ ಮಹಾಯುದ್ಧದಲ್ಲಿ ಇಂಥ ದೊಡ್ಡ ರಕ್ತನಾಳ ಹರಿದರೆ ಸಾಮಾನ್ಯವಾಗಿ ಕಟ್ಟಿಬಿಡುತ್ತಿದ್ದರು, ಎಷ್ಟೋ ಜನರ ಕೈಕಾಲು ಕತ್ತರಿಸಬೇಕಾಗುತ್ತಿತ್ತು. ಹೊಲಿದು ಸರಿಪಡಿಸುವುದು ಪದ್ಧತಿಯಾಗಿ ಬೆಳೆದದ್ದೇ ಕೊರಿಯಾದಲ್ಲಿ. ಇವತ್ತು ನಮ್ಮ ಜಿಲ್ಲಾ ಆಸ್ಪತ್ರೆಗಳವರೆಗೂ ಬಂದಿರುವ ಎಷ್ಟೋ ಕೈಚಳಕದ ಹಿಂದೆ ಹೀಗೊಂದು ಡೇರೆ ಇದೆ. ನನ್ನ ದುರಾದೃಷ್ಟಕ್ಕೆ ಗೀರು ಬಿದ್ದಿರುವುದು ಇದೇ ಡಿಸ್ಕಿಗೆ. ಗಡಿಯಾರ ಓಡುತ್ತಾ ಓಡುತ್ತಾ ಒಂದು ಕಡೆ ನಿಂತೇಬಿಡುತ್ತದೆ. ಮುಂದಕ್ಕೆ ಎಳೆದು ನೋಡಬೇಕು.

ಅತ್ತೆಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಹೂ ಕಟ್ಟುತ್ತಾ ಜೊತೆಗೆ ಕೂರುತ್ತಿದ್ದರು. ಅವರಿಗೆ ಕ್ಲಿಂಗರ್ ಅಂದರೆ ಪ್ರಾಣ. ಕ್ಲಿಂಗರ್ ಒಬ್ಬ ಸಿಪಾಯಿ. ತಲೆ ಕೆಟ್ಟಿದೆ ಅಂತ ತೋರಿಸಿದರೆ ಮನೆಗೆ ಕಳಿಸುತ್ತಾರೆ ಅಂತ ದಿನಾ ಹೆಂಗಸರ ಉಡುಪು ಹಾಕಿಕೊಂಡು ಬರುತ್ತಾನೆ. ಗೌನು, ಹ್ಯಾಟು, ಕಿವಿಯೋಲೆ, ಬಾಯಲ್ಲಿ ಸಿಗಾರು, ಕಾಲಿನ ಮೇಲೆ ಕೂದಲು.

“ಇವ್ನ್ಯಾಕೆ ಸೀರೆ ಉಟ್ಕೊಂಡವ್ನೆ?” ಅಂತ ಅತ್ತೆ ಕೇಳಿದರು.

“ಮನೆಗೆ ಹೋಗ್ಬೇಕಂತೆ ಅತ್ತೆ, ಅದಕ್ಕೆ.”

“ಕಳಿಸ್ಬಾರ್ದಾ? ಪಾಪ, ಯಾರ ಮನೆ ಮಗನೋ.”

ಇಷ್ಟು ಚೆನ್ನಾಗಿ ಕ್ಲಿಂಗರ್‌ನನ್ನು ಯಾವ ವಿಮರ್ಶಕರೂ ಅರ್ಥ ಮಾಡಿಕೊಂಡಿರಲಿಕ್ಕಿಲ್ಲ. ಆ ಪಾತ್ರ ಮಾಡಿದ ಜೇಮಿ ಫಾರ್ ಸ್ವತಃ ಅಮೆರಿಕದ ಸೈನ್ಯದಲ್ಲಿದ್ದವರು, ಯುದ್ಧ ಮುಗಿದ ಮೇಲೆ ಕೊರಿಯಾದಲ್ಲೂ ಇದ್ದರು. ಸೀರಿಯಲ್ಲಿನಲ್ಲಿ ಅವರ ಕೊರಳಲ್ಲಿರುವ ಗುರುತಿನ ಬಿಲ್ಲೆ ಅವರದೇ.

ಈಗ ಬೈಗುಳ. ನರ್ಸ್ ಆಗಿ ನನಗೆ ಈ ಸೀರಿಯಲ್ ಮೇಲೆ ದೊಡ್ಡ ತಕರಾರಿದೆ. ಮೊದಲ ಮೂರ್ನಾಲ್ಕು ಸೀಸನ್ನುಗಳಲ್ಲಿ ನರ್ಸುಗಳು ಇರುವುದೇ ಡಾಕ್ಟರುಗಳು ಹಿಂದೆ ಬೀಳಲಿಕ್ಕೆ. ಹೆಸರೂ ಸರಿಯಾಗಿ ಇಟ್ಟಿಲ್ಲ. ನರ್ಸ್ ಏಬಲ್, ನರ್ಸ್ ಬೇಕರ್ ಅಂತ ಕರೆಯುತ್ತಾರೆ. ಅದು ಸೈನ್ಯದ ವೈರ್‌ಲೆಸ್ಸಿನಲ್ಲಿ ಎ, ಬಿ ಅಕ್ಷರಗಳಿಗೆ ಹೇಳುತ್ತಿದ್ದ ಪದ. ಅಂದರೆ ‘ಅ ಅಂದ್ರೆ ಅರಸ’ ಅನ್ನುವ ಹಾಗೆ. ಇವತ್ತು ಒಬ್ಬಳು ಬೇಕರ್, ಮುಂದಿನ ವಾರ ಇನ್ನೊಬ್ಬಳು ಬೇಕರ್. ಮುಖ್ಯ ನರ್ಸ್ ಮಾರ್ಗರೆಟ್ ಹುಲಿಹಾನ್‌ಗೆ ‘ಹಾಟ್ ಲಿಪ್ಸ್’ ಅಂತ ಅಡ್ಡಹೆಸರು. ಕೆಲಸದ ಜಾಗದಲ್ಲಿ ಇಂಥದ್ದು ಕೇಳಿಸಿಕೊಂಡು ಬಂದವರಿಗೆ ಇಲ್ಲಿ ನಗು ಬರುವುದಿಲ್ಲ. ಹೊಸ ಹುಡುಗಿಯರಿಗೆ ತೋರಿಸುವಾಗ ಮೊದಲೇ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ, ಮುಂದೆ ಸರಿಹೋಗುತ್ತದೆ ಅಂತ.

ಸರಿಹೋಗುತ್ತದೆ ಕೂಡ. ಐದನೇ ಸೀಸನ್ನಿನಲ್ಲಿ ‘ದ ನರ್ಸಸ್’ ಅಂತ ಒಂದು ಕಂತಿದೆ. ಮಾರ್ಗರೆಟ್ ತನ್ನ ಕೈಕೆಳಗಿನ ಹುಡುಗಿಯರ ಮೇಲೆ ಉರಿದುಬೀಳುತ್ತಾ ಉರಿದುಬೀಳುತ್ತಾ ಒಡೆದುಹೋಗುತ್ತಾಳೆ. ನಿಮ್ಮ ಡೇರೆಯ ಮುಂದೆ ಹಾದುಹೋಗುವಾಗ ನಗು ಕೇಳುತ್ತದೆ, ಒಂದು ದಿನವಾದರೂ ನನ್ನನ್ನು ಒಂದು ಲೋಟ ಕಾಫಿಗೆ ಕರೆದಿದ್ದೀರಾ ಅನ್ನುವ ಅರ್ಥದ ಮಾತು ಬರುತ್ತದೆ. ನಾನು ಇನ್‌ಚಾರ್ಜ್ ಆದ ಹೊಸದರಲ್ಲಿ, ನಾನು ಬಾಗಿಲು ತೆಗೆದ ತಕ್ಷಣ ಡ್ಯೂಟಿ ರೂಮಿನ ಮಾತು ನಿಲ್ಲುತ್ತಿತ್ತು. ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ ಇರುತ್ತಿತ್ತು, ಮುಚ್ಚಳ ಮುಚ್ಚಿರುತ್ತಿತ್ತು. ಆ ಕಂತು ನೋಡಿದ ಮಾರನೇ ದಿನ ನಾನೇ ಒಂದು ಫ್ಲಾಸ್ಕ್ ಕಾಫಿ ತಗೊಂಡು ಹೋದೆ. ಲೊರೆಟಾ ಸ್ವಿಟ್ ಆ ಪಾತ್ರವನ್ನು 11 ವರ್ಷ ಬಿಡದೆ ಹಿಡಿದು, ಗೇಲಿಯ ಬೊಂಬೆಯಿಂದ ಮನುಷ್ಯಳನ್ನಾಗಿ ಮಾಡಿದರು.

ಇನ್ನು ಕೆಲ್ಲಿ. ಕೆಲ್ಲಿ ನಕಹಾರ ಅನ್ನುವ ನಟಿ, ಹಿಂದೆ ಎಲ್ಲೋ ಟ್ರೇ ಹಿಡಿದು ನಿಂತಿರುತ್ತಾರೆ. ಕಂತಿನ ಮೇಲೆ ಕಂತು, ವರ್ಷದ ಮೇಲೆ ವರ್ಷ. ಕಡೆಗೆ 11ನೇ ಸೀಸನ್ನಿನಲ್ಲಿ ಅವರಿಗೇ ಒಂದು ಕಂತು ಬಂತು. ನೀನು ಎಲ್ಲರನ್ನೂ ನೋಡುತ್ತೀಯ, ನನ್ನನ್ನು ಮಾತ್ರ ನೋಡಿಲ್ಲ ಅಂತ ಹಾಕ್‌ಐಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಎರಡನೇ ಸಲ ಸೀರಿಯಲ್ ನೋಡುವಾಗ ನಾನು ಬರೀ ಕೆಲ್ಲಿಯನ್ನೇ ಹುಡುಕುತ್ತಾ ನೋಡಿದೆ. ನೀವೂ ಹುಡುಕಿ, ಚೆನ್ನಾಗಿರುತ್ತದೆ.

ಬೇರೆ ತಪ್ಪುಗಳೂ ಇವೆ. ಫ್ರಾಂಕ್ ಬರ್ನ್ಸ್ ಅನ್ನುವ ಕೆಟ್ಟ ಡಾಕ್ಟರ್ ಬರೀ ವ್ಯಂಗ್ಯಚಿತ್ರ, ಐದು ಸೀಸನ್ ಒಂದೇ ಥರ. ಅವನು ಹೋಗಿ ಬಾಸ್ಟನ್ನಿನ ಸಾಹುಕಾರ ಸರ್ಜನ್ ವಿಂಚೆಸ್ಟರ್ ಬಂದ ಮೇಲೆ ಜಗಳಕ್ಕೊಂದು ಘನತೆ ಬಂತು. ಕೊರಿಯಾದಲ್ಲೇ ನಡೆಯುವ ಕಥೆಯಲ್ಲಿ ಕೊರಿಯಾದವರಿಗೆ ಸಿಕ್ಕುವ ಮಾತು ಕಡಿಮೆ, ಸಂತೆಯಲ್ಲಿ, ಗದ್ದೆಯಲ್ಲಿ ಹಾದುಹೋಗುತ್ತಾರೆ ಅಷ್ಟೆ. ಕೊನೆಯ ಮೂರು ಸೀಸನ್ನುಗಳಲ್ಲಿ ಉಪದೇಶ ಜಾಸ್ತಿ. ಹಾಕ್‌ಐ ಕೆಲವೊಮ್ಮೆ ಭಾಷಣಕ್ಕೆ ನಿಂತಂತೆ ಕಾಣುತ್ತಾನೆ. ಮೊದಲು ಅವನ ಮನೆಯಲ್ಲಿ ಅಮ್ಮ, ತಂಗಿ ಇದ್ದರು, ಆಮೇಲೆ ಅಪ್ಪ ಒಬ್ಬನೇ. ನಮ್ಮ ಮೆಗಾ ಸೀರಿಯಲ್ ನೋಡಿದವರಿಗೆ ಇದೆಲ್ಲ ಅಭ್ಯಾಸ ಬಿಡಿ.

ನನ್ನ ತವರು ಮಡಿಕೇರಿ. ಹಾಗಾಗಿ ಕೊರಿಯಾ ಅಂದರೆ ನಮ್ಮ ಮನೆಯಲ್ಲಿ ಮೊದಲು ನೆನಪಾಗುವುದು ಜನರಲ್ ತಿಮ್ಮಯ್ಯ. ಕದನ ನಿಂತ ಮೇಲೆ, ಊರಿಗೆ ವಾಪಸ್ ಹೋಗಲು ಒಪ್ಪದ ಯುದ್ಧಕೈದಿಗಳ ವಿಷಯ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಅವರು ಹುಟ್ಟಿದ ‘ಸನ್ನಿ ಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ. ಅದಕ್ಕೂ ಮುಂಚೆ, 1950ರ ನವೆಂಬರಿನಲ್ಲೇ, ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದಲ್ಲಿ ಕೊರಿಯಾ ತಲುಪಿತ್ತು. ಬಂದೂಕು ಹಿಡಿದ ಪಡೆಯಲ್ಲ, ಡಾಕ್ಟರು, ಆರ್ಡರ್ಲಿಗಳ ಪಡೆ. ಪ್ಯೊಂಗ್ಯಾಂಗಿನಿಂದ ಎಲ್ಲರೂ ಹಿಂದೆ ಸರಿಯುವಾಗ ಇವರಿಗೆ ವಾಹನ ಸಿಗಲಿಲ್ಲ. ಸಾಮಾನು ಬಿಟ್ಟು ಬರಲು ಮನಸ್ಸಿಲ್ಲ. ಎಲ್ಲೋ ಒಂದು ಹಳೇ ಉಗಿ ಇಂಜಿನ್ ಸಿಕ್ಕಿತು. ತಮ್ಮಲ್ಲೇ ಇಂಜಿನ್ ಓಡಿಸಬಲ್ಲವರನ್ನು ಹುಡುಕಿಕೊಂಡು, ಆಸ್ಪತ್ರೆಯನ್ನೇ ರೈಲಿಗೆ ತುಂಬಿ, ಸೇತುವೆ ಸ್ಫೋಟಿಸುವ ಮುಂಚೆ ದಾಟಿಬಂದರು. 1951ರ ಮಾರ್ಚಿನಲ್ಲಿ ಇವರಲ್ಲೊಂದು ತಂಡ ಅಮೆರಿಕದ ಪಡೆಯ ಜೊತೆ ಮುನ್ಸಾನ್‌ನಲ್ಲಿ ಪ್ಯಾರಾಶೂಟಿನಲ್ಲಿ ಇಳಿಯಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಸೀರಿಯಲ್ಲಿನ ಅಷ್ಟೂ ಕಂತಿನಲ್ಲಿ ಇವರ ಮಾತು ನನ್ನ ಕಣ್ಣಿಗೆ ಬಿದ್ದಿಲ್ಲ. ಆ ರೈಲಿನ ಕಥೆ ಗೆಲ್ಬಾರ್ಟ್ ಕೈಗೆ ಸಿಕ್ಕಿದ್ದರೆ ಬಿಡುತ್ತಿದ್ದರಾ?

ಕೊನೆಯ ಕಂತು 1983ರ ಫೆಬ್ರುವರಿ 28ರಂದು ಬಂತು, ಜಾಹೀರಾತೂ ಸೇರಿ ಎರಡೂವರೆ ಗಂಟೆ. ಅಮೆರಿಕದಲ್ಲಿ 10 ಕೋಟಿಗೂ ಜಾಸ್ತಿ ಜನ ಆ ರಾತ್ರಿ ಟಿವಿ ಮುಂದೆ ಕೂತಿದ್ದರು. ಅದರಲ್ಲಿ ನಗುವಿನ ಸದ್ದು ಹಾಕಿಲ್ಲ. ಬಸ್ಸಿನ ದೃಶ್ಯದ ಬಗ್ಗೆ ನಾನೇನೂ ಹೇಳುವುದಿಲ್ಲ. ವಿಂಚೆಸ್ಟರ್ ಬಗ್ಗೆ ಮಾತ್ರ ಒಂದು ಮಾತು. ಸಂಗೀತವೇ ಉಸಿರು ಅಂತ ಬದುಕಿದ್ದ ಅವನು ಐದು ಜನ ಚೀನೀ ಕೈದಿಗಳಿಗೆ ಮೊಜಾರ್ಟ್ ಕಲಿಸುತ್ತಾನೆ. ಅವರಿಗೆ ಏನಾಯಿತು ಅಂತ ಗೊತ್ತಾದ ಮೇಲೆ ಡೇರೆಗೆ ಬಂದು ಅದೇ ಸಂಗೀತದ ರೆಕಾರ್ಡ್ ಹಾಕುತ್ತಾನೆ, ತಡೆಯಲಾಗದೆ ಕಿತ್ತು ಒಡೆದುಹಾಕುತ್ತಾನೆ. ಕೆಲವು ಡ್ಯೂಟಿ ಮುಗಿದ ಮೇಲೆ ನಾನೂ ಎಷ್ಟೋ ದಿನ ಮನೆಯಲ್ಲಿ ರೇಡಿಯೋ ಹಾಕಿಲ್ಲ.

ಹೊಸದಾಗಿ ನೋಡುವವರು ಒಂದನೇ ಸೀಸನ್ನಿನಿಂದಲೇ ಶುರು ಮಾಡಬೇಕಿಲ್ಲ. ನಾಲ್ಕನೆಯದರಿಂದ ಹಿಡಿಯಿರಿ. ಆಸ್ಪತ್ರೆಯ ಹೊಸ ಮುಖ್ಯಸ್ಥ ಕರ್ನಲ್ ಪಾಟರ್, ಡಾಕ್ಟರ್ ಬಿ.ಜೆ. ಇಬ್ಬರೂ ಬಂದಿರುತ್ತಾರೆ, ಸೀರಿಯಲ್ ಹದಕ್ಕೆ ಬಂದಿರುತ್ತದೆ. ಅದರ ಕೊನೆಯಲ್ಲಿ ‘ದ ಇಂಟರ್‌ವ್ಯೂ’ ಅಂತ ಕಪ್ಪು ಬಿಳುಪಿನ ಕಂತಿದೆ, ವರದಿಗಾರನೊಬ್ಬ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತಾನೆ. ಅದು ಹಿಡಿಸಿದರೆ ಹಿಂದಕ್ಕೆ ಹೋಗಿ ಮೊದಲ ಮೂರನ್ನು ನೋಡಿ. ಹಿಡಿಸದಿದ್ದರೆ ಈ ಸೀರಿಯಲ್ ನಿಮಗಲ್ಲ. ಊಟದ ಹೊತ್ತಿಗೆ ಹಾಕಬೇಡಿ, ರಾತ್ರಿ ಡ್ಯೂಟಿಗೆ ಹೊರಡುವ ಮುಂಚೆಯಂತೂ ಬೇಡವೇ ಬೇಡ. ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಸ್ಟಾರ್ ಕಿತ್ತಿರುವುದು ನರ್ಸ್ ಬೇಕರ್‌ಗೋಸ್ಕರ.

ಡಿಸ್ಕ್ ಯಾರಾದರೂ ಕೇಳಿದರೆ ಎರವಲು ಕೊಡುತ್ತೇನೆ. ಮೂರನೇ ಸೀಸನ್ನಿನ ಕೊನೆಯ ಡಿಸ್ಕ್ ಮಾತ್ರ ಕೊಡುವುದಿಲ್ಲ, ಅದನ್ನು ನಮ್ಮನೆಗೇ ಬಂದು ನೋಡಬೇಕು. ಹೋದ ತಿಂಗಳು ಥಿಯೇಟರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಿದ್ದಳು. ನಾನು ಪರದೆ ನೋಡಲಿಲ್ಲ, ಅವಳ ಕೈ ನೋಡುತ್ತಿದ್ದೆ. ಠಣ್ ಅಂದಾಗ ಅವಳ ಬಲಗೈ ಮಂಡಿ ಮೇಲಿಂದ ಎದ್ದು ಮುಂದೆ ಹೋಯಿತು.